ಉಸಿರಿನ ಹಿಡಿತ

ಬಂದೂಕು ಹಿಡಿದು ನಿಂತ ಗುರಿಕಾರನಿಗೆ ಕೆಲವೊಮ್ಮೆ ಅವನ ಹೃದಯವೇ ಎದುರಾಳಿಯಾಗುವುದುಂಟು. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಗುರಿಹಲಗೆಯ ನಡುಬಿಂದುವಿನ ವ್ಯಾಸ ಕೇವಲ 0.5 ಮಿಲಿಮೀಟರ್. ಎದೆಬಡಿತದಿಂದ ಬಂದೂಕು ತುಸು ಅಲುಗಿದರೂ ಗುರಿ ತಪ್ಪುತ್ತದೆ.

ಹೃದಯವು ನಮ್ಮ ಆಜ್ಞೆಯನ್ನು ನೇರವಾಗಿ ಪಾಲಿಸುವುದಿಲ್ಲ. ಆದರೆ ಉಸಿರು ನಮ್ಮ ಅಧೀನದಲ್ಲಿದೆ. ಉಸಿರನ್ನು ಒಳಗೆಳೆದಾಗ ಹೃದಯದ ಬಡಿತ ತುಸು ಚುರುಕಾಗುತ್ತದೆ. ಹೊರಬಿಟ್ಟಾಗ ವೇಗಸ್ ನರದ ಪ್ರಭಾವದಿಂದ ನಿಧಾನವಾಗುತ್ತದೆ. ಜರ್ಮನಿಯ ಶರೀರವಿಜ್ಞಾನಿ ಕಾರ್ಲ್ ಲುಡ್ವಿಗ್ ಅವರು 1847ರಲ್ಲಿಯೇ ಈ ಸಂಬಂಧವನ್ನು ದಾಖಲಿಸಿದ್ದರು.

ಈ ತತ್ತ್ವವನ್ನು ಆಧರಿಸಿದ ಶಿಕ್ಷಣಕ್ರಮವೇ ಬಯೋಫೀಡ್‌ಬ್ಯಾಕ್. ಕ್ರೀಡಾಪಟುವಿನ ದೇಹಕ್ಕೆ ಜೋಡಿಸಿದ ಸಂವೇದಕವು ಪ್ರತಿಯೊಂದು ಬಡಿತವನ್ನೂ ಗ್ರಹಿಸುತ್ತದೆ. ಬಡಿತದ ಏರಿಳಿತವು ತೆರೆಯ ಮೇಲೆ ಅಲೆಯಂತೆ ಮೂಡುತ್ತದೆ. ನಿಮಿಷಕ್ಕೆ ಸುಮಾರು 6 ಬಾರಿ ನಿಧಾನವಾಗಿ ಉಸಿರಾಡಿದಾಗ ಅಂಕುಡೊಂಕಾದ ಅಲೆ ಕ್ರಮಬದ್ಧವಾಗುತ್ತದೆ. ಕ್ರೀಡಾಪಟು ಅದನ್ನು ಕಣ್ಣಾರೆ ಕಂಡು ತನ್ನ ಉಸಿರನ್ನು ತಿದ್ದಿಕೊಳ್ಳುತ್ತಾನೆ. ಅಭ್ಯಾಸ ಬಲಿತಂತೆ ಯಂತ್ರದ ನೆರವಿಲ್ಲದೆಯೂ ಆ ಲಯವನ್ನು ಸಾಧಿಸಬಲ್ಲನು.

ಭಾರತದ ಅಭಿನವ್ ಬಿಂದ್ರಾ ಅವರು 2004ರ ಅಥೆನ್ಸ್ ಒಲಿಂಪಿಕ್ಸ್‌ನ ಅಂತಿಮ ಸುತ್ತಿನಲ್ಲಿ ಏಳನೆಯ ಸ್ಥಾನಕ್ಕಿಳಿದರು. ಆದರೂ ಅವರು ಎದೆಗುಂದಲಿಲ್ಲ. ಮುಂದಿನ ಒಲಿಂಪಿಕ್ಸ್‌ಗೆ ನಡೆಸಿದ ಕಠಿಣ ಸಿದ್ಧತೆಯಲ್ಲಿ ಬಯೋಫೀಡ್‌ಬ್ಯಾಕನ್ನೂ ಅಳವಡಿಸಿಕೊಂಡರು. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಕೊನೆಯ ಗುಂಡಿಗೆ ಮುನ್ನ ಅವರೂ ಫಿನ್ಲೆಂಡಿನ ಹೆನ್ರಿ ಹ್ಯಾಕಿನೆನ್ ಅವರೂ ಸಮಸಮವಾಗಿದ್ದರು. ಹ್ಯಾಕಿನೆನ್ ಅವರಿಗೆ 9.7 ಅಂಕ ದೊರೆಯಿತು; ಬಿಂದ್ರಾ ಅವರಿಗೆ 10.8. ಒಲಿಂಪಿಕ್ಸ್‌ನಲ್ಲಿ ಭಾರತದ ಪ್ರಥಮ ವೈಯಕ್ತಿಕ ಸ್ವರ್ಣಪದಕ ಅಂದು ಅವರದಾಯಿತು.

ಯಂತ್ರವು ದೋಷವನ್ನು ತೋರಿಸಬಲ್ಲದು. ಅದನ್ನು ತಿದ್ದಿಕೊಳ್ಳುವ ತಾಳ್ಮೆ ಮನುಷ್ಯನದೇ ಆಗಿರಬೇಕು.