ಪ್ಯಾಡ್ ಬದಲಿಸುವ ಮೊದಲು ಹಳೇ ಪ್ಯಾಡ್ ನೋಡಿ



ದಾವಣಗೆರೆಯ ಎ.ಪಿ.ಎಂ.ಸಿ. ಹತ್ತಿರ ಬೆಳಿಗ್ಗೆ ಹೊತ್ತು ನಿಂತು ನೋಡಿದರೆ ಸಾಲು ಸಾಲು ಪಿಕಪ್ ಗಾಡಿಗಳು. ಮೆಕ್ಕೆಜೋಳ, ಭತ್ತ, ತರಕಾರಿ, ಮಂಡಕ್ಕಿ ಚೀಲ ಹೇರಿಕೊಂಡು ಹರಿಹರಕ್ಕೆ, ಸುತ್ತಲಿನ ಹಳ್ಳಿಗಳಿಗೆ ಓಡಾಡುವ ಗಾಡಿಗಳಿವು. ಇವುಗಳಲ್ಲಿ ಎಷ್ಟೋ ಗಾಡಿಗಳು ಸಾಲ ಮಾಡಿ ತಂದವು. ಗಾಡಿ ನಿಂತರೆ ಒಂದು ದಿನದ ದುಡಿಮೆ ಹೋಗುತ್ತದೆ ನಿಜ. ಆದರೆ ನಿಲ್ಲಬೇಕಾದ ಕಡೆ ನಿಲ್ಲದಿದ್ದರೆ ಜೀವವೇ ಹೋಗುತ್ತದೆ. ಆದ್ದರಿಂದ ಈ ಪಾಠದಲ್ಲಿ ಬ್ರೇಕ್ ಪ್ಯಾಡ್ ಒಂದೇ ಸಮನಾಗಿ ಸವೆಯದಿದ್ದರೆ ಕಾರಣ ಹುಡುಕುವುದು ಹೇಗೆ ಎಂದು ತಿಳಿಯೋಣ.

ಒಂದು ಉದಾಹರಣೆ

ಒಬ್ಬ ಚಾಲಕನ ಗಾಡಿಯ ಮುಂದಿನ ಎಡ ಚಕ್ರದಲ್ಲಿ ಬ್ರೇಕ್ ಒತ್ತಿದಾಗ ಕರ್ ಅಂತ ಸದ್ದು. ಗ್ಯಾರೇಜಿನಲ್ಲಿ ಹೊಸ ಪ್ಯಾಡ್ ಹಾಕಿಸಿದ. ಮೂರು ತಿಂಗಳಿಗೆ ಮತ್ತೆ ಅದೇ ಸದ್ದು. "ಡೂಪ್ಲಿಕೇಟ್ ಪ್ಯಾಡ್ ಕೊಟ್ಟಾನೆ" ಅಂತ ಅಂಗಡಿಯವನನ್ನು ಬೈದು, ಹೆಚ್ಚು ದುಡ್ಡು ಕೊಟ್ಟು ಬೇರೆ ತಂದ. ಅದೂ ಹೋಯಿತು. ಮೂರನೇ ಸಲ ವಯಸ್ಸಾದ ಮೇಸ್ತ್ರಿಯೊಬ್ಬರು ಬಿಚ್ಚಿದ ಎರಡೂ ಪ್ಯಾಡನ್ನು ನೆಲದ ಮೇಲೆ ಪಕ್ಕಪಕ್ಕ ಇಟ್ಟರು. ಒಳಗಿನದು ಕಬ್ಬಿಣದವರೆಗೆ ಸವೆದಿತ್ತು. ಹೊರಗಿನದು ಇನ್ನೂ ಅರ್ಧ ಇತ್ತು. "ತಪ್ಪು ಪ್ಯಾಡಿಂದಲ್ಲಪ್ಪಾ, ಪಿನ್ನು ಹಿಡಕೊಂಡೈತಿ" ಅಂದರು. ಅಷ್ಟರಲ್ಲಿ ಡಿಸ್ಕಿಗೂ ಗೀರು ಬಿದ್ದಿತ್ತು. ಮೊದಲ ಸಲವೇ ಪಿನ್ ತೊಳೆದು ಗ್ರೀಸ್ ಹಚ್ಚಿದ್ದರೆ ಇಷ್ಟೆಲ್ಲಾ ಖರ್ಚು ಉಳಿಯುತ್ತಿತ್ತು.

ಬ್ರೇಕ್ ಕೆಲಸ ಮಾಡುವ ರೀತಿ

ನಮ್ಮ ಕಡೆ ಓಡುವ ಹೆಚ್ಚಿನ ಪಿಕಪ್‌ಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತದೆ. ಡಿಸ್ಕಿನ ಎರಡೂ ಕಡೆ ಒಂದೊಂದು ಪ್ಯಾಡ್. ಅವನ್ನು ಅದುಮುವುದು ಕ್ಯಾಲಿಪರ್. ಇಂಥ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಪೆಡಲ್ ತುಳಿದಾಗ ಪಿಸ್ಟನ್ ಮೊದಲು ಒಳಗಿನ ಪ್ಯಾಡನ್ನು ಒತ್ತುತ್ತದೆ. ಆಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಸರಿದು ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಕಾಲು ತೆಗೆದಾಗ ಎರಡೂ ಸಡಿಲವಾಗಬೇಕು. ಪಿನ್ ಸರಾಗವಾಗಿ ಸರಿದರೆ ಎರಡೂ ಪ್ಯಾಡ್ ಹೆಚ್ಚುಕಡಿಮೆ ಸಮನಾಗಿ ಸವೆಯುತ್ತವೆ.

ಸವೆತ ಏನು ಹೇಳುತ್ತದೆ?

1. ಒಳಗಿನ ಪ್ಯಾಡ್ ಬಹಳ ಸವೆದಿದ್ದರೆ: ಪಿನ್ ಹಿಡಿದಿದೆ, ಇಲ್ಲವೇ ಪಿಸ್ಟನ್ ತುಕ್ಕು ಹಿಡಿದು ಹಿಂದೆ ಸರಿಯುತ್ತಿಲ್ಲ.

2. ಹೊರಗಿನದು ಹೆಚ್ಚು ಸವೆದಿದ್ದರೆ: ಕ್ಯಾಲಿಪರ್ ಸರಿದು ಬಂದದ್ದು ವಾಪಸ್ ಹೋಗುತ್ತಿಲ್ಲ. ಇದೂ ಪಿನ್ನಿನದೇ ದೋಷ.

3. ಒಂದೇ ಪ್ಯಾಡ್ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗೆ ಇದ್ದರೆ: ಎರಡರಲ್ಲಿ ಒಂದು ಪಿನ್ ಮಾತ್ರ ಹಿಡಿದು ಕ್ಯಾಲಿಪರ್ ಓರೆಯಾಗಿದೆ, ಅಥವಾ ಪ್ಯಾಡ್ ಕೂರುವ ಜಾಗದಲ್ಲಿ ತುಕ್ಕು, ಕೆಸರು ತುಂಬಿದೆ.

4. ಎಡ ಚಕ್ರದ್ದು ಸವೆದು ಬಲದ್ದು ಹಾಗೇ ಇದ್ದರೆ: ಇಲ್ಲಿ ಹುಷಾರಾಗಿರಬೇಕು. ಸವೆದ ಚಕ್ರವನ್ನೇ ದೂರಬೇಡಿ. ಬಲಗಡೆ ಪಿಸ್ಟನ್ ಕೆಲಸವನ್ನೇ ಮಾಡದೆ ಎಡಗಡೆಯದೇ ಎಲ್ಲಾ ಭಾರ ಹೊತ್ತಿರಬಹುದು. ಆಗ ಬ್ರೇಕ್ ಒತ್ತಿದಾಗ ಮಾತ್ರ ಗಾಡಿ ಎಡಕ್ಕೆ ಎಳೆಯುತ್ತದೆ. ಬ್ರೇಕ್ ಒತ್ತದೆಯೂ ಎಡಕ್ಕೆ ಎಳೆದು, ಆ ಚಕ್ರ ಕಾಯುತ್ತಿದ್ದರೆ ಎಡಗಡೆಯ ಬ್ರೇಕೇ ಬಿಡುತ್ತಿಲ್ಲ ಎಂದರ್ಥ.

5. ಮುಂದಿನ ನಾಲ್ಕೂ ಪ್ಯಾಡ್ ಬೇಗ ಸವೆದರೆ: ಹಿಂದಿನ ಡ್ರಮ್ ಬ್ರೇಕ್ ಹಿಡಿಯುತ್ತಿಲ್ಲ, ಅತಿಯಾದ ಲೋಡ್ ಹೇರುತ್ತಿದ್ದೀರಿ, ಅಥವಾ ಪೆಡಲ್ ಮೇಲೆ ಸದಾ ಕಾಲಿಟ್ಟು ಓಡಿಸುವ ಅಭ್ಯಾಸ ಇದೆ.

ಪರೀಕ್ಷೆ ಮಾಡುವುದು ಹೇಗೆ?

ಖಾಲಿ ರಸ್ತೆಯಲ್ಲಿ ಬ್ರೇಕ್ ಆದಷ್ಟು ಕಡಿಮೆ ಬಳಸಿ ನಾಲ್ಕೈದು ಕಿಲೋಮೀಟರ್ ಓಡಿಸಿ. ಇಳಿದು, ಮುಂಗೈಯನ್ನು ಎರಡೂ ಚಕ್ರದ ಹತ್ತಿರ ಹಿಡಿಯಿರಿ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಒಂದು ಚಕ್ರ ಮಾತ್ರ ಬಿಸಿಯಾಗಿದ್ದರೆ ಅಲ್ಲಿ ಪ್ಯಾಡ್ ಉಜ್ಜುತ್ತಿದೆ.

ನಂತರ ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಹಾಕಿ. ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿ. ಬ್ರೇಕ್ ಒತ್ತಿ ಬಿಟ್ಟು ಚಕ್ರ ತಿರುಗಿಸಿ ನೋಡಿ. ಬಿಗಿ ಇದ್ದರೆ ಮೇಸ್ತ್ರಿಗೆ ಹೇಳಿ, ಏರ್ ತೆಗೆಯುವ ನಿಪ್ಪಲ್ ಸ್ವಲ್ಪ ಸಡಿಲಿಸಲಿ. ಕೂಡಲೇ ಚಕ್ರ ಸಡಿಲವಾದರೆ ಒತ್ತಡ ಒಳಗೇ ಉಳಿಯುತ್ತಿದೆ. ಹಳೆಯ ರಬ್ಬರ್ ಹೋಸ್ ಒಳಗೆ ಊದಿಕೊಂಡಾಗ ಹೀಗಾಗುವುದುಂಟು. ಸಡಿಲವಾಗದಿದ್ದರೆ ಪಿನ್ ಅಥವಾ ಪಿಸ್ಟನ್ ಹಿಡಿದಿದೆ.

ನಮ್ಮ ಕಡೆ ಇದಕ್ಕೆ ಮುಖ್ಯ ಕಾರಣ ಕೆಸರು ಮತ್ತು ದೂಳು. ಭದ್ರಾ ನಾಲೆಯ ಗದ್ದೆ ಬಯಲಿಗೆ ಇಳಿದು ಬಂದ ಗಾಡಿಯಲ್ಲಿ ಪಿನ್ನಿನ ರಬ್ಬರ್ ಟೋಪಿ ಹರಿದಿದ್ದರೆ ಕೆಸರು ನೀರು ಒಳಗೆ ಹೋಗಿ ಒಣಗಿ ಕಚ್ಚಿಕೊಳ್ಳುತ್ತದೆ. ದೂರದಿಂದ ಓಡಿಸಿಕೊಂಡು ಬಂದ ಕೂಡಲೇ ಗಾಡಿಯನ್ನು ನಾಲೆಗೆ ಇಳಿಸಿ ತೊಳೆಯುವುದೂ ಒಳ್ಳೆಯದಲ್ಲ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು.

ನೆನಪಿಡಿ

* ಪ್ಯಾಡಿನ ಮಸಾಲೆ 3 ಮಿ.ಮೀ.ಗಿಂತ ಕಡಿಮೆಯಾದರೆ ಬದಲಿಸಿ. ಒಳಗಿನದಕ್ಕೂ ಹೊರಗಿನದಕ್ಕೂ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಕಾರಣ ಹುಡುಕಿ.
* ಪ್ಯಾಡನ್ನು ಎಡ, ಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಹಾಕಿಸಿ.
* ಪಿನ್ನಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ಸಾದಾ ಗ್ರೀಸ್, ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರ್ ಊದುತ್ತದೆ. ಪ್ಯಾಡಿಗಾಗಲಿ ಡಿಸ್ಕಿಗಾಗಲಿ ಗ್ರೀಸ್ ತಾಗಲೇಬಾರದು.
* ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಅದರಿಂದಲೇ ಪಿಸ್ಟನ್‌ಗೆ ತುಕ್ಕು. ಎರಡು ವರ್ಷಕ್ಕೊಮ್ಮೆ ಬದಲಿಸಿ.
* ಬಿಚ್ಚಿದ ಕ್ಯಾಲಿಪರನ್ನು ಹೋಸಿಗೆ ಜೋತು ಬಿಡಬೇಡಿ, ತಂತಿಯಲ್ಲಿ ಕಟ್ಟಿ. ಬ್ರೇಕಿನ ದೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.
* ಹೊಸ ಪ್ಯಾಡ್ ಹಾಕಿದ ಮೇಲೆ ಪೆಡಲ್ ಗಟ್ಟಿಯಾಗುವವರೆಗೆ ತುಳಿದು, ಆಮೇಲೆಯೇ ಗಾಡಿ ತೆಗೆಯಿರಿ.

ಕ್ಯಾಲಿಪರ್ ಬಿಚ್ಚುವ ಕೆಲಸ ಬಾರದವರು ತಾವೇ ಕೈ ಹಾಕಬೇಡಿ. ಆದರೆ ಗ್ಯಾರೇಜಿನಲ್ಲಿ ಹತ್ತಿರ ನಿಂತು, "ಹಳೇ ಪ್ಯಾಡ್ ನಾಲ್ಕೂ ತೋರಿಸ್ರಿ ಅಣ್ಣಾ, ಪಿನ್ನು ಸರಿಯುತ್ತಾ ನೋಡ್ರಿ" ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ. ಗಾಡಿ ನಿಮ್ಮದು, ಅದರ ಮುಂದೆ ರಸ್ತೆ ದಾಟುವ ಮಗು ನಮ್ಮೆಲ್ಲರದು.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಿಮ್ಮ ಗಾಡಿಯ ಪ್ಯಾಡ್ ಕಳೆದ ಸಲ ಬದಲಿಸಿದಾಗ ಹಳೆಯದನ್ನು ನೋಡಿದಿರಾ?
2. ಬ್ರೇಕ್ ಒತ್ತಿದಾಗ ಗಾಡಿ ಯಾವ ಕಡೆಗಾದರೂ ಎಳೆಯುತ್ತದೆಯೇ?
3. ಒಂದು ಟ್ರಿಪ್ ಉಳಿಸಲು ಹೆಚ್ಚು ಲೋಡ್ ಹೇರಿದರೆ ಕೊನೆಗೆ ಉಳಿಯುವುದೆಷ್ಟು, ಕಳೆಯುವುದೆಷ್ಟು?