ಓದುಯಂತ್ರಕ್ಕೆ ಮ್ಯಾಟ್ ಪೊರೆ ಬೇಕೆ?

ಇ-ರೀಡರಿನ ತೆರೆಯ ಮೇಲೆ ದೀಪದ ಬಿಂಬ ಕುಳಿತು ಅಕ್ಷರಗಳನ್ನು ಮಸುಳಿಸಿದಾಗ, ಮೊಬೈಲ್ ಅಂಗಡಿಯ ಮ್ಯಾಟ್ ಸ್ಕ್ರೀನ್ ಗಾರ್ಡೊಂದನ್ನು ಅಂಟಿಸಿಬಿಟ್ಟರೆ ಕಪ್ಪು ಇನ್ನಷ್ಟು ಕಪ್ಪಾಗಿ, ಬಿಳುಪು ಇನ್ನಷ್ಟು ಬೆಳ್ಳಗಾದೀತೆಂದು ನಂಬುವವರುಂಟು. ಪೊರೆಗೆ ಆ ಸಾಮರ್ಥ್ಯವಿಲ್ಲ. ಬಿಂಬದ ಮೊನೆಯನ್ನು ಅದು ಮುರಿಯಬಲ್ಲದು, ಅಷ್ಟೆ.

ಇ-ರೀಡರಿನ ಇಂಕ್ ತೆರೆಯೆಂಬುದು ಕಾಗದದಂತೆ ಹೊರಗಿನ ಬೆಳಕನ್ನೇ ಹಿಂದಿರುಗಿಸಿ ಕಾಣಿಸಿಕೊಳ್ಳುವ ವಸ್ತು. ಅದರ ಮೇಲಿನ ನುಣುಪು ಪದರವು ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ಮರಳಿಸುತ್ತದೆ. ಮ್ಯಾಟ್ ಪೊರೆಯು ಅದನ್ನು ಅಳಿಸದೆ ಎಲ್ಲ ಕಡೆಗೂ ಚೆದರಿಸುವುದರಿಂದ, ಅಕ್ಷರದ ಕಪ್ಪಿನ ಮೇಲೆಯೂ ತೆಳುವಾದೊಂದು ಮಬ್ಬು ಹರಡುತ್ತದೆ. ಬಿಳುಪು 40 ಪಾಲು, ಕಪ್ಪು 4 ಪಾಲು ಬೆಳಕನ್ನು ಕೊಡುತ್ತಿದ್ದರೆ ಅಂತರ ಹತ್ತು ಪಟ್ಟು. ಎರಡಕ್ಕೂ ಚೆದರಿದ 2 ಪಾಲು ಕೂಡಿದರೆ 42ಕ್ಕೆ 6, ಅಂದರೆ ಏಳೇ ಪಟ್ಟು.

ಮೇಲ್ಪದರವೇ ತೆರೆಯನ್ನು ಮಂಕಾಗಿಸುವುದಕ್ಕೆ ಒಂದು ನಿದರ್ಶನವುಂಟು: 2009ರ ಸೋನಿ ಪಿಆರ್‌ಎಸ್-600 ಯಂತ್ರದಲ್ಲಿ ಸ್ಪರ್ಶಕ್ಕೆಂದು ಇಂಕಿನ ಮೇಲೆ ಹೊದಿಸಿದ್ದ ಪದರವೇ ಹೊಳಪಿಗೂ ಮಂಕಿಗೂ ಕಾರಣವಾಗಿತ್ತು. ಮರುವರ್ಷದ ಪಿಆರ್‌ಎಸ್-650ರಲ್ಲಿ ಆ ಪದರವನ್ನು ತೆಗೆದು, ಅಂಚಿನಿಂದ ತೆರೆಯ ಮೇಲೆ ಹಾಯುವ ಅವಗೆಂಪು ಕಿರಣಗಳಿಂದ ಬೆರಳನ್ನು ಗುರುತಿಸುವ ವ್ಯವಸ್ಥೆಯನ್ನು ತಂದರು.

ಆದುದರಿಂದ ಮೊದಲು ದೀಪವನ್ನು ಹೆಗಲ ಪಕ್ಕಕ್ಕೆ ಸರಿಸಿ, ಯಂತ್ರವನ್ನು ತುಸು ಓರೆಮಾಡಿ ನೋಡತಕ್ಕದ್ದು. ಅನೇಕರ ತೊಂದರೆ ಇಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ, ಪೊರೆಯನ್ನು ಕೊಳ್ಳುವ ಮುನ್ನ ಹಳೆಯ ಮ್ಯಾಟ್ ಗಾರ್ಡಿನ ತುಂಡೊಂದರಿಂದ ಅರ್ಧ ಪುಟವನ್ನು ಮುಚ್ಚಿ, ಯಂತ್ರದ ಒಳದೀಪವನ್ನು ಆರಿಸಿ, ಕಿಟಕಿಯ ಬಿಂಬ ಬೀಳುವ ಕೋನದಲ್ಲೊಮ್ಮೆ, ಬೀಳದ ಕೋನದಲ್ಲೊಮ್ಮೆ ಓದಿರಿ. ಮೊದಲನೆಯದರಲ್ಲಿ ಮುಚ್ಚಿದ ಭಾಗ ಹಿತವೆನಿಸೀತು. ಎರಡನೆಯದರಲ್ಲಿ ಅದೇ ಭಾಗದ ಅಕ್ಷರ ಬೂದಿಬಣ್ಣಕ್ಕೆ ತಿರುಗಿರುವುದು ಕಂಡೀತು.

ಇಷ್ಟಾದ ಮೇಲೂ ಬೇಕೆನ್ನಿಸಿದರೆ, ತೆರೆಯನ್ನು ಮೆತ್ತನೆಯ ಒಣಬಟ್ಟೆಯಿಂದ ಒರೆಸಿ, ಉಳಿದ ಧೂಳನ್ನು ಅಂಟುಟೇಪಿನಿಂದ ಹಗುರವಾಗಿ ಎತ್ತಿ, ಪೊರೆಯ ಹಿಂಬದಿಯ ಹಾಳೆಯನ್ನು ಒಂದಂಚಿನಿಂದ ಸ್ವಲ್ಪಸ್ವಲ್ಪವಾಗಿ ಬಿಡಿಸುತ್ತ ಹಳೆಯ ಕಾರ್ಡಿನಿಂದ ಒತ್ತುತ್ತ ಹೋಗಬೇಕು. ಒಂದು ಗುಳ್ಳೆ ನಿಂತರೂ ಪ್ರತಿ ಪುಟದಲ್ಲಿಯೂ ಬೇಡದ ಕಡೆ ಸೊನ್ನೆಯೊಂದು ಬಿದ್ದಂತೆ! ಅವಗೆಂಪು ಸ್ಪರ್ಶದ ಯಂತ್ರಗಳಲ್ಲಿ ಪೊರೆಯ ಅಂಚು ಮೇಲೆದ್ದರೆ ಕಿರಣ ಕಡಿದು, ಪುಟಗಳು ತಾವಾಗಿಯೇ ಮಗುಚತೊಡಗುವ ಸಂಭವವುಂಟು. ಚೌಕಟ್ಟಿನಿಂದ ಕೂದಲೆಳೆಯಷ್ಟು ಒಳಗೇ ಕತ್ತರಿಸಿಕೊಳ್ಳಿರಿ.

ಸದಾ ಕಿಟಕಿಯೆದುರು ಕುಳಿತು ಓದುವವರಿಗೆ ಈ ಪೊರೆ ಉಪಯುಕ್ತ. ಕಪ್ಪುಬಿಳುಪಿನ ಅಂತರ ಹೆಚ್ಚಲೆಂದು ಕೊಳ್ಳಹೊರಟವರಿಗೆ ಅದು ದಂಡ.