ಹಡಗೇರುವ ಮುನ್ನ ಆರೋಗ್ಯ ತಪಾಸಣೆ: ವಿದೇಶ ಪ್ರವಾಸ ಹೊರಡುವ ವರ್ತಕರು ತಿಳಿದಿರಬೇಕಾದ ಲೆಕ್ಕಾಚಾರ

ಸಿಮೆಂಟ್, ಬಣ್ಣ, ಪಂಪ್‌ಸೆಟ್, ಟೈರು, ಕೀಟನಾಶಕ ಮುಂತಾದವುಗಳ ತಯಾರಿಕಾ ಕಂಪನಿಗಳು ವರ್ಷದ ಮಾರಾಟದ ಗುರಿ ಮುಟ್ಟಿದ ವಿತರಕರನ್ನು ಬಹುಮಾನರೂಪವಾಗಿ ವಿದೇಶ ಪ್ರವಾಸಕ್ಕೆ ಕರೆದೊಯ್ಯುವುದು ಬಹುಕಾಲದಿಂದ ನಡೆದುಬಂದಿದೆ. ತುಮಕೂರಿನ ಬಿ.ಎಚ್. ರಸ್ತೆ ಹಾಗೂ ಮಂಡಿಪೇಟೆಯ ವರ್ತಕರಷ್ಟೇ ಅಲ್ಲದೆ ಗುಬ್ಬಿ, ಕುಣಿಗಲ್ ಪಟ್ಟಣಗಳ ವಿತರಕರಿಗೂ ಇಂತಹ ಪ್ರವಾಸ ಅಪರಿಚಿತವಲ್ಲ. ಇಂತಹ ಪ್ರವಾಸಗಳಲ್ಲಿ ಸಿಂಗಪುರದಿಂದ ಹೊರಡುವ ಮೂರು ನಾಲ್ಕು ರಾತ್ರಿಗಳ ವಿಹಾರನೌಕೆಯೂ ಒಂದು. ವಿಮಾನದ ಟಿಕೆಟ್, ವೀಸಾ, ಹೋಟೆಲುಗಳ ವ್ಯವಸ್ಥೆಯನ್ನು ಕಂಪನಿಯೋ ಪ್ರವಾಸ ಸಂಸ್ಥೆಯೋ ನೋಡಿಕೊಳ್ಳುತ್ತದೆ. ಆದರೆ ಆರೋಗ್ಯಕ್ಕೆ ಸಂಬಂಧಿಸಿದ ಕಾಗದಪತ್ರಗಳ ಹೊಣೆ ಪ್ರಯಾಣಿಕನ ಮೇಲೆಯೇ ಉಳಿಯುತ್ತದೆ. ಅದರಲ್ಲಿ ಒಂದು ತಪ್ಪಾದರೆ ಬಂದರಿನ ಬಾಗಿಲಿನಿಂದಲೇ ಹಿಂದಿರುಗಬೇಕಾದೀತು.

ಹಡಗಿನ ಪ್ರಯಾಣಿಕರನ್ನು ಆರೋಗ್ಯದ ದೃಷ್ಟಿಯಿಂದ ತಡೆದು ನಿಲ್ಲಿಸುವ ಪದ್ಧತಿ ಇಂದಿನದಲ್ಲ. 1377ರಷ್ಟು ಹಿಂದೆಯೇ ಏಡ್ರಿಯಾಟಿಕ್ ತೀರದ ಡುಬ್ರೋವ್ನಿಕ್ ನಗರವು ಪ್ಲೇಗಿಗೆ ಹೆದರಿ, ಸೋಂಕಿನ ಪ್ರದೇಶಗಳಿಂದ ಬಂದವರನ್ನು ಪ್ರತ್ಯೇಕವಾಗಿರಿಸುವ ಕಟ್ಟಳೆ ಮಾಡಿತ್ತು. ಮುಂದೆ ಆ ಅವಧಿ ನಲವತ್ತು ದಿನಗಳಾಗಿ, ನಲವತ್ತು ಎಂಬರ್ಥದ ಇಟಲಿಯ ಪದದಿಂದಲೇ ಕ್ವಾರಂಟೈನ್ ಎಂಬ ಮಾತು ಹುಟ್ಟಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಮೈಸೂರು ಸೀಮೆಯ ಜನರೂ ತಡೆ, ತಪಾಸಣೆಗಳನ್ನು ಕಂಡರು. ಆದರೆ ಇಂದಿನ ಪೀಳಿಗೆಗೆ ಈ ವಿಷಯವನ್ನು ಮನದಟ್ಟು ಮಾಡಿಸಿದ್ದು 2020ರ ಡೈಮಂಡ್ ಪ್ರಿನ್ಸೆಸ್ ಪ್ರಕರಣ.

ಆ ಹಡಗು 2020ರ ಜನವರಿ 20ರಂದು ಜಪಾನಿನ ಯೋಕೋಹಾಮಾದಿಂದ ಹೊರಟಿತ್ತು. ಹಾಂಗ್‌ಕಾಂಗ್‌ನಲ್ಲಿ ಇಳಿದ ಒಬ್ಬ ಪ್ರಯಾಣಿಕರಿಗೆ ಸೋಂಕಿರುವುದು ಫೆಬ್ರವರಿ ಆರಂಭದಲ್ಲಿ ದೃಢಪಟ್ಟಿತು. ಹಡಗನ್ನು ಯೋಕೋಹಾಮಾದಲ್ಲಿಯೇ ತಡೆಹಿಡಿಯಲಾಯಿತು. ಅದರಲ್ಲಿದ್ದ 3,711 ಜನರ ಪೈಕಿ ಅಂತಿಮವಾಗಿ 712 ಮಂದಿಗೆ ಸೋಂಕು ತಗುಲಿತು. ಹಡಗಿನಲ್ಲಿದ್ದ ಭಾರತೀಯರು 138. ಅವರಲ್ಲಿ ಪ್ರಯಾಣಿಕರು ಆರು ಮಂದಿ ಮಾತ್ರ, ಉಳಿದವರೆಲ್ಲ ಸಿಬ್ಬಂದಿ. ಕಾರವಾರದ ಯುವಕರೊಬ್ಬರೂ ಆ ಸಿಬ್ಬಂದಿಯಲ್ಲಿದ್ದುದರಿಂದ ಕನ್ನಡ ನಾಡಿನ ಮನೆಗಳಲ್ಲಿಯೂ ಆ ದಿನಗಳಲ್ಲಿ ಕಳವಳ ಆವರಿಸಿತ್ತು. ಫೆಬ್ರವರಿ 27ರಂದು ಏರ್ ಇಂಡಿಯಾದ ವಿಶೇಷ ವಿಮಾನವು 119 ಭಾರತೀಯರನ್ನು ದೆಹಲಿಗೆ ಕರೆತಂದಿತು.

ಇದಾದ ಬಳಿಕ ಹಡಗು ಕಂಪನಿಗಳು ಸಂಚಾರ ಪುನರಾರಂಭಿಸಿದಾಗ ಮೊದಲು ಕೇಳಿದ್ದೇ ಪರೀಕ್ಷೆಯ ವರದಿಯನ್ನು. ಕೆಲವರು 72 ಗಂಟೆಗಳೊಳಗಿನ ವರದಿ ಕೇಳಿದರು, ಕೆಲವರು 48 ಗಂಟೆಗಳೊಳಗಿನದನ್ನು. ಕೆಲವು ಕಡೆ ಆರ್‌ಟಿ-ಪಿಸಿಆರ್ ಮಾತ್ರ ಸಲ್ಲುತ್ತಿತ್ತು, ಕೆಲವು ಕಡೆ ಆಂಟಿಜೆನ್ ಪರೀಕ್ಷೆ ಸಾಕಾಗಿತ್ತು. ಭಾರತದಿಂದ ಹೋಗುವವರಿಗೆ ಇಲ್ಲಿಯೇ ನಿಜವಾದ ತೊಡಕು ಎದುರಾಯಿತು. ವಿಮಾನಕ್ಕೊಂದು ಗಡುವು, ಹಡಗಿಗೊಂದು ಗಡುವು, ಹಿಂದಿರುಗಿ ಬರುವಾಗ ಸ್ವದೇಶದ್ದೇ ಮತ್ತೊಂದು ಗಡುವು. ಮೂರನ್ನೂ ಒಂದೇ ವರದಿಯಲ್ಲಿ ಪೂರೈಸಬಹುದೆಂದು ನಂಬಿ ಹೊರಟವರಿಗೆ ಪರದೇಶದಲ್ಲಿ ಪರೀಕ್ಷಾ ಕೇಂದ್ರ ಹುಡುಕುವ ಪಾಡು ಬಂದೊದಗಿತು.

ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯುವುದು ಸುಲಭ. ಗುಬ್ಬಿಯ ಸಿಮೆಂಟ್ ವಿತರಕ ದಂಪತಿಗಳು ಸೋಮವಾರ ರಾತ್ರಿ ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನವೇರುತ್ತಾರೆ. ಮೂರು ದಿನ ನಗರ ನೋಡಿ ಶುಕ್ರವಾರ ಸಂಜೆ 5 ಗಂಟೆಗೆ ಹಡಗಿನಲ್ಲಿ ಹೊರಡುತ್ತಾರೆ. ಸೋಮವಾರ ಬೆಳಿಗ್ಗೆ ಬಂದರಿಗೆ ಮರಳಿ, ಅಂದೇ ರಾತ್ರಿ 9ಕ್ಕೆ ಬೆಂಗಳೂರಿಗೆ ವಿಮಾನ ಹಿಡಿಯುತ್ತಾರೆ ಎಂದು ಭಾವಿಸಬಹುದು. ನಿಯಮವು ಎಲ್ಲೆಡೆಯೂ 72 ಗಂಟೆಗಳದೇ ಎಂದಿರಲಿ.

ದಂಪತಿಗಳು ಸೋಮವಾರ ಬೆಳಿಗ್ಗೆ 10 ಗಂಟೆಗೆ ತುಮಕೂರಿನಲ್ಲಿ ಮಾದರಿ ಕೊಟ್ಟು, ಸಂಜೆಯೊಳಗೆ ವರದಿ ಪಡೆದರು. ರಾತ್ರಿಯ ವಿಮಾನಕ್ಕೆ ಅದು ಧಾರಾಳವಾಗಿ ಸಲ್ಲುತ್ತದೆ. ಆದರೆ ಹಡಗಿಗೆ? ಸಿಂಗಪುರದ ಗಡಿಯಾರ ನಮ್ಮ ದೇಶದ ಗಡಿಯಾರಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿ ಶುಕ್ರವಾರ ಸಂಜೆ 5 ಎಂದರೆ ಇಲ್ಲಿ ಮಧ್ಯಾಹ್ನ 2.30. ಸೋಮವಾರ ಬೆಳಿಗ್ಗೆ 10ರಿಂದ ಅಲ್ಲಿಯವರೆಗೆ ಎಣಿಸಿದರೆ ನೂರು ಗಂಟೆ ದಾಟುತ್ತದೆ. ವರದಿ ಅದಾಗಲೇ ಹಳಸಿದೆ. ಹಡಗಿಗೆ ಸಲ್ಲಬೇಕಾದರೆ ಮಾದರಿಯನ್ನು ಸಿಂಗಪುರದ ಮಂಗಳವಾರ ಸಂಜೆ 5ರ ನಂತರವೇ ಕೊಡಬೇಕು. ವರದಿ ಬರಲು ಒಂದು ದಿನ ಹಿಡಿಯಬಹುದೆಂದು ಎಣಿಸಿದರೆ, ಬುಧವಾರವೇ ಪ್ರಶಸ್ತ. ಗುರುವಾರ ಬೆಳಿಗ್ಗೆ ಕೊನೆಯ ಅವಕಾಶ. ಶುಕ್ರವಾರ ಬೆಳಿಗ್ಗೆ ಕೊಟ್ಟರೆ ವರದಿ ಕೈಸೇರುವ ಹೊತ್ತಿಗೆ ಹಡಗು ಕಡಲಿನಲ್ಲಿರುತ್ತದೆ.

ಹಿಂದಿರುಗುವ ಲೆಕ್ಕ ಇನ್ನೂ ಬಿಗಿಯಾದದ್ದು. ಸೋಮವಾರ ರಾತ್ರಿ 9ರ ವಿಮಾನಕ್ಕೆ ಹಿಂದಿನ 72 ಗಂಟೆ ಎಂದರೆ ಶುಕ್ರವಾರ ರಾತ್ರಿ 9. ಆ ವೇಳೆಗೆ ಹಡಗು ಹೊರಟು ನಾಲ್ಕು ಗಂಟೆಗಳಾಗಿವೆ. ಹಡಗೇರಲು ಮಾಡಿಸಿದ ಪರೀಕ್ಷೆ ಮನೆಗೆ ಮರಳಲು ಉಪಯೋಗಕ್ಕೆ ಬಾರದು. ಹಡಗಿನಲ್ಲಿಯೇ ಪರೀಕ್ಷೆ ಮಾಡಿಸಬೇಕು, ಇಲ್ಲವೇ ಸೋಮವಾರ ಬೆಳಿಗ್ಗೆ ಇಳಿದ ಕೂಡಲೇ ಕೆಲವೇ ಗಂಟೆಗಳಲ್ಲಿ ವರದಿ ಕೊಡುವ ಕೇಂದ್ರಕ್ಕೆ ಧಾವಿಸಬೇಕು. ಏರ್ ಸುವಿಧಾ ಜಾಲತಾಣದಲ್ಲಿ ವರದಿಯನ್ನು ಮುಂಚಿತವಾಗಿ ಸಲ್ಲಿಸಬೇಕಾಗಿದ್ದ ದಿನಗಳಲ್ಲಿ ಅನೇಕರು ಎಡವಿದ್ದು ಈ ಜಾಗದಲ್ಲಿಯೇ. 2022ರ ಫೆಬ್ರವರಿ 14ರಿಂದ ಹಲವು ದೇಶಗಳಿಂದ ಬರುವವರು ವರದಿಯ ಬದಲು ಲಸಿಕೆಯ ಪ್ರಮಾಣಪತ್ರ ಸಲ್ಲಿಸಲು ಅವಕಾಶ ದೊರೆಯಿತು; ಅದೇ ವರ್ಷದ ನವೆಂಬರ್ 22ರಂದು ಆ ಅರ್ಜಿಯೇ ರದ್ದಾಯಿತು. 2023ರ ಆರಂಭದಲ್ಲಿ ಕೆಲವು ದೇಶಗಳಿಂದ ಬರುವವರಿಗೆ ಅದು ಕೆಲವು ವಾರಗಳ ಮಟ್ಟಿಗೆ ಮರಳಿ ಬಂದದ್ದೂ ಉಂಟು. ನಿಯಮ ಹೋಯಿತೆಂದು ಕಡತ ಮುಚ್ಚಿಡುವವರು ಇದನ್ನು ನೆನಪಿಡಬೇಕು.

ಆದ್ದರಿಂದ ಲೆಕ್ಕವನ್ನು ಮನೆಯಿಂದ ಹೊರಡುವ ದಿನದಿಂದ ಮುಂದಕ್ಕೆ ಎಣಿಸದೆ, ಹಡಗು ಹೊರಡುವ ಗಳಿಗೆಯಿಂದ ಹಿಂದಕ್ಕೆ ಎಣಿಸಬೇಕು. ಮಾದರಿ ಕೊಟ್ಟ ಸಮಯವೋ ವರದಿ ಬಂದ ಸಮಯವೋ ಎಂಬುದನ್ನೂ, ಗಂಟೆಗಳ ಲೆಕ್ಕವೋ ದಿನಗಳ ಲೆಕ್ಕವೋ ಎಂಬುದನ್ನೂ ಬರಹದಲ್ಲಿ ಕೇಳಿ ತಿಳಿಯುವುದು ಒಳಿತು. ಎರಡು ದಿನ ಎಂಬ ಮಾತಿಗೂ 48 ಗಂಟೆ ಎಂಬ ಮಾತಿಗೂ ಅರ್ಧ ದಿನದಷ್ಟು ಅಂತರ ಬೀಳಬಹುದು.

ವಿದೇಶದಲ್ಲಿ ಪರೀಕ್ಷೆ ಮಾಡಿಸಲು ಆ ಕಾಲದಲ್ಲಿ ಮುಖ್ಯವಾಗಿ ಮೂರು ದಾರಿಗಳಿದ್ದವು. ಹಡಗು ಕಂಪನಿಯೇ ಬಂದರಿನಲ್ಲಿ ಏರ್ಪಡಿಸುವ ಪರೀಕ್ಷೆ ಎಲ್ಲಕ್ಕಿಂತ ನಿರಾತಂಕವಾದದ್ದು. ವರದಿಯ ನಮೂನೆ ಸರಿಯಿಲ್ಲವೆಂಬ ತಕರಾರು ಅಲ್ಲಿ ಬರುವುದಿಲ್ಲ. ಎರಡನೆಯದು ನಗರದ ಖಾಸಗಿ ಪ್ರಯೋಗಾಲಯ ಅಥವಾ ಔಷಧದಂಗಡಿ. ಯುರೋಪ್, ಅಮೆರಿಕಗಳಲ್ಲಿ ಔಷಧದಂಗಡಿಗಳೇ ಈ ಕೆಲಸ ಮಾಡುತ್ತಿದ್ದವು, ಆದರೆ ಭಾನುವಾರ ಮುಚ್ಚಿರುವ ಅಂಗಡಿಯನ್ನು ನಂಬಿ ಸೋಮವಾರದ ಹಡಗಿಗೆ ಹೊರಡುವುದು ಅಪಾಯಕರ. ಮೂರನೆಯದು ವೀಡಿಯೋ ಕರೆಯ ಮೂಲಕ ವೈದ್ಯಕೀಯ ಸಿಬ್ಬಂದಿಯ ಮೇಲ್ವಿಚಾರಣೆಯಲ್ಲಿ ತಾವೇ ಮಾಡಿಕೊಳ್ಳುವ ಪರೀಕ್ಷೆ. ಹಿರಿಯರಿಗೆ, ಇಂಗ್ಲಿಷ್ ಸಂಭಾಷಣೆಗೆ ಹಿಂಜರಿಯುವವರಿಗೆ ಇದು ಅಷ್ಟಾಗಿ ಒಗ್ಗದು.

ವರದಿ ಋಣಾತ್ಮಕವಾಗಿದ್ದರೂ ತಿರಸ್ಕೃತವಾಗುವ ಸಂಭವವುಂಟು. ಅದಕ್ಕೆ ಮುಖ್ಯ ಕಾರಣ ಹೆಸರು. ನಮ್ಮಲ್ಲಿ ಊರಿನ, ತಂದೆಯ ಹೆಸರುಗಳ ಮೊದಲಕ್ಷರ ಇಟ್ಟು ಬರೆಯುವ ರೂಢಿ. ಪಾಸ್‌ಪೋರ್ಟಿನಲ್ಲಿ ಆ ಅಕ್ಷರಗಳು ವಿಸ್ತರಿಸಿ, ಹಿಂದುಮುಂದಾಗಿ ಕೂತಿರುತ್ತವೆ. ಪ್ರಯೋಗಾಲಯದಲ್ಲಿ ಅಂಗಡಿಯ ಬಿಲ್ಲಿನಲ್ಲಿರುವಂತೆ ಹೆಸರು ಬರೆಸಿದರೆ ಪರದೇಶದ ಅಧಿಕಾರಿಯ ಕಣ್ಣಿಗೆ ಅವರು ಬೇರೆಯೇ ವ್ಯಕ್ತಿ. ಪಾಸ್‌ಪೋರ್ಟಿನ ಪ್ರತಿಯನ್ನು ಮುಂದಿಟ್ಟು ಅಕ್ಷರಶಃ ಹಾಗೆಯೇ ಬರೆಸಬೇಕು. ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನಾಂಕ, ಮಾದರಿ ಸಂಗ್ರಹಿಸಿದ ವೇಳೆ ವರದಿಯಲ್ಲಿರಬೇಕು. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆಸುವುದು ಮೇಲು. ನಾವು 5/6 ಎಂದು ಬರೆಯುವ ಜೂನ್ ಐದನ್ನು ಅಮೆರಿಕದವರು ಮೇ ಆರು ಎಂದು ಓದುತ್ತಾರೆ.

ಪರೀಕ್ಷೆಗಳು ತಪ್ಪುವುದೂ ಉಂಟು. 2020ರ ಡಿಸೆಂಬರ್‌ನಲ್ಲಿ ಸಿಂಗಪುರದ ಕ್ವಾಂಟಮ್ ಆಫ್ ದಿ ಸೀಸ್ ಹಡಗಿನಲ್ಲಿ 83 ವರ್ಷದ ಪ್ರಯಾಣಿಕರೊಬ್ಬರಿಗೆ ಸೋಂಕಿದೆಯೆಂದು ವರದಿ ಬಂದು, ಹಡಗು ಪ್ರವಾಸ ಮೊಟಕುಗೊಳಿಸಿ ಮರಳಿತು. ಮರುಪರೀಕ್ಷೆಯಲ್ಲಿ ಅವರಿಗೆ ಸೋಂಕೇ ಇರಲಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನ ಮುಂಬಯಿಯಿಂದ ಗೋವೆಗೆ ಬಂದ ಹಡಗಿನದು: 2022ರ ಜನವರಿಯಲ್ಲಿ ಮುರ್ಮಗೋವಾದಲ್ಲಿ ಪರೀಕ್ಷಿಸಿದಾಗ ಸುಮಾರು 2,000 ಜನರಲ್ಲಿ 66 ಮಂದಿಗೆ ಸೋಂಕು ಕಂಡುಬಂತು. ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ಸೋಂಕು ತಗುಲಿದರೆ ಇನ್ನೊಬ್ಬರು ಏನು ಮಾಡಬೇಕು, ಪ್ರತ್ಯೇಕವಾಸದ ವೆಚ್ಚ ಯಾರದು, ಹೊಸ ವಿಮಾನ ಟಿಕೆಟ್ಟಿನ ಹಣ ಯಾರದು ಎಂಬುದನ್ನು ಹೊರಡುವ ಮೊದಲೇ ಕಂಪನಿಯೊಡನೆ ಮಾತನಾಡಿ ಪತ್ರದಲ್ಲಿ ಪಡೆಯಬೇಕು. ಬಹುಮಾನದ ಪ್ರವಾಸವೆಂದು ಸಂಕೋಚಪಟ್ಟು ಸುಮ್ಮನಿರುವವರೇ ಹೆಚ್ಚು. ಆ ಸಂಕೋಚ ಅನಗತ್ಯ. 2022ರ ಜುಲೈ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ ವ್ಯಾಪಾರದ ಸಂಬಂಧದಲ್ಲಿ ದೊರೆಯುವ ಇಂತಹ ಸೌಲಭ್ಯವೂ ಮೂಲದಲ್ಲಿ ತೆರಿಗೆ ಕಡಿತಕ್ಕೆ ಒಳಪಟ್ಟಿದೆ. ಅಂದಮೇಲೆ ಅದು ಪೂರ್ಣ ಉಚಿತವೆಂದು ಎಣಿಸಲಾಗದು. ವಿಮೆಯನ್ನು ಭಾರತ ಬಿಡುವ ಮುನ್ನವೇ ಮಾಡಿಸಿ, ಅದರಲ್ಲಿ ಹಡಗಿನ ಮೇಲಿನ ಚಿಕಿತ್ಸೆ ಸೇರಿದೆಯೇ ಎಂದು ನೋಡಬೇಕು.

ಈಗ ಬಹುತೇಕ ಹಡಗುಗಳು ಕೋವಿಡ್ ವರದಿ ಕೇಳುವುದಿಲ್ಲ. ಆದರೂ ಆರೋಗ್ಯದ ಷರತ್ತುಗಳು ಪೂರ್ತಿ ಹೋಗಿಲ್ಲ. ಗರ್ಭಿಣಿಯರನ್ನು 24ನೆಯ ವಾರದಿಂದಾಚೆಗೆ ಹೆಚ್ಚಿನ ಹಡಗು ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ; ಅದಕ್ಕೆ ಮೊದಲೂ ವೈದ್ಯರ ಪತ್ರ ಬೇಕಾಗುತ್ತದೆ. ಆರು ತಿಂಗಳೊಳಗಿನ ಶಿಶುಗಳಿಗೂ ಸಾಮಾನ್ಯವಾಗಿ ಪ್ರವೇಶವಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದದ್ದು ಹಳದಿ ಜ್ವರದ ಲಸಿಕೆ. ಕೀನ್ಯಾ, ಘಾನಾ, ನೈಜೀರಿಯಾ, ಬ್ರೆಜಿಲ್ ಮುಂತಾದ ದೇಶಗಳಿಗೆ ವ್ಯಾಪಾರಕ್ಕಾಗಿ ಹೋಗುವವರಿಗೆ, ಆ ತೀರಗಳನ್ನು ಮುಟ್ಟುವ ಹಡಗೇರುವವರಿಗೆ ಇದು ಬೇಕಾಗುತ್ತದೆ. ಭಾರತದಲ್ಲಿ ಈ ಜ್ವರವಿಲ್ಲ; ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ಇಲ್ಲಿ ಬೇಕಾದಷ್ಟಿದೆ. ಆದಕಾರಣ ನಮ್ಮ ಸರ್ಕಾರ ಈ ವಿಷಯದಲ್ಲಿ ರಿಯಾಯಿತಿ ತೋರುವುದಿಲ್ಲ. ಅಂತಹ ದೇಶ ಬಿಟ್ಟ ಆರು ದಿನಗಳೊಳಗೆ ಪ್ರಮಾಣಪತ್ರವಿಲ್ಲದೆ ಬಂದವರನ್ನು, ಅವರು ಭಾರತೀಯರೇ ಆಗಿದ್ದರೂ, ಆರು ದಿನಗಳವರೆಗೆ ಪ್ರತ್ಯೇಕವಾಗಿರಿಸಬಹುದು. ಒಂಬತ್ತು ತಿಂಗಳೊಳಗಿನ ಮಕ್ಕಳಿಗೆ ಮಾತ್ರ ವಿನಾಯಿತಿ. ಹಡಗಿನವರಿಗೆ ನಿಯಮ ಇನ್ನೂ ಕಠಿಣ: ಭಾರತ ತಲುಪುವ ಹಿಂದಿನ 30 ದಿನಗಳಲ್ಲಿ ಹಡಗು ಅಂತಹ ಬಂದರನ್ನು ಮುಟ್ಟಿದ್ದು, ಕೀಟನಾಶ ಕ್ರಮ ಕೈಗೊಂಡಿರದಿದ್ದರೆ, ತೀರಕ್ಕಿಳಿಯದೆ ಕೋಣೆಯಲ್ಲಿಯೇ ಕುಳಿತಿದ್ದ ಪ್ರಯಾಣಿಕನಿಗೂ ಅದು ಅನ್ವಯಿಸುತ್ತದೆ.

ಈ ಲಸಿಕೆಯನ್ನು ಸರ್ಕಾರದಿಂದ ಅಧಿಕೃತಗೊಂಡ ಕೇಂದ್ರಗಳಲ್ಲಿ ಮಾತ್ರ ಪಡೆಯಬೇಕು. ಖಾಸಗಿ ವೈದ್ಯರ ಚೀಟಿ ಸಲ್ಲದು. ತುಮಕೂರು, ಗುಬ್ಬಿ, ಕುಣಿಗಲ್‌ನವರಿಗೆ ಅನುಕೂಲವಾದದ್ದು ಬೆಂಗಳೂರಿನ ಶೇಷಾದ್ರಿ ರಸ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆ. ಲಸಿಕೆ ಹಾಕುವ ದಿನ, ಮುಂಗಡ ನೋಂದಣಿಗಳನ್ನು ವಿಚಾರಿಸಿಕೊಂಡು ಪಾಸ್‌ಪೋರ್ಟಿನೊಡನೆ ಹೋಗಬೇಕು. ಪ್ರಮಾಣಪತ್ರಕ್ಕೆ ಮಾನ್ಯತೆ ಬರುವುದು ಚುಚ್ಚುಮದ್ದು ಪಡೆದ 10 ದಿನಗಳ ನಂತರ. ತಿಂಗಳ 1ರಂದು ಪಡೆದವರಿಗೆ 11ರಿಂದ. ಇದು ಜೀವಂತ ಲಸಿಕೆಯಾದ್ದರಿಂದ ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆ ಒಗ್ಗದವರು ಮೊದಲು ವೈದ್ಯರಿಗೆ ತಿಳಿಸಬೇಕು. ಹಿಂದೆ ಇದಕ್ಕೆ ಹತ್ತು ವರ್ಷಗಳ ಅವಧಿಯಿತ್ತು; 2016ರ ಜುಲೈ 11ರಿಂದ ಜೀವಮಾನವಿಡೀ ಸಲ್ಲುತ್ತದೆ. ಅದಕ್ಕೂ ಹಿಂದೆ ಪಡೆದ ಹಳೆಯ ಪ್ರಮಾಣಪತ್ರಗಳಿಗೂ ಇದು ಅನ್ವಯಿಸುವುದರಿಂದ, 2008ರಲ್ಲಿ ನೈರೋಬಿಗೆ ಹೋಗಿಬಂದವರು ಬೀರುವಿನಲ್ಲಿ ಆ ಹಳದಿ ಪುಸ್ತಿಕೆಯನ್ನು ಹುಡುಕಿ ನೋಡಬಹುದು.

ಹಡಗುಗಳಲ್ಲಿ ಉದ್ಯೋಗ ಅರಸುವ ಈ ಭಾಗದ ಯುವಕರ ತಪಾಸಣೆ ಬೇರೆಯೇ ಬಗೆಯದು. ನಾವಿಕರಿಗೂ ಹಡಗಿನ ಅಡುಗೆ, ಉಪಚಾರ ವಿಭಾಗದವರಿಗೂ ನೌಕಾಯಾನ ಮಹಾನಿರ್ದೇಶನಾಲಯದ ಮಾನ್ಯತೆ ಪಡೆದ ವೈದ್ಯರೇ ಪ್ರಮಾಣಪತ್ರ ಕೊಡಬೇಕು. ಅಂತಾರಾಷ್ಟ್ರೀಯ ಒಡಂಬಡಿಕೆಯಂತೆ ಅದರ ಗರಿಷ್ಠ ಅವಧಿ ಎರಡು ವರ್ಷ, ಹದಿನೆಂಟು ತುಂಬದವರಿಗೆ ಒಂದು ವರ್ಷ. ವರ್ಣದೃಷ್ಟಿಯ ಪ್ರಮಾಣಪತ್ರಕ್ಕೆ ಆರು ವರ್ಷ. ತಪಾಸಣೆಯ ನೆಪದಲ್ಲಿ ದಲ್ಲಾಳಿ ಹಣ ಕೇಳಿದರೆ, ಮೊದಲು ಆ ವೈದ್ಯರ ಹೆಸರು ನಿರ್ದೇಶನಾಲಯದ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು.

ಇನ್ನು ಕಾಗದಪತ್ರಗಳ ಮಾತು. ಮೊಬೈಲಿನಲ್ಲಿ ಚಿತ್ರವಿದೆಯೆಂಬ ಧೈರ್ಯ ಸಾಲದು. ಹಳದಿ ಪುಸ್ತಿಕೆಯ ಮೂಲಪ್ರತಿಯನ್ನೇ ಕೇಳುತ್ತಾರೆ. ಮೂಲಪ್ರತಿ ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲಿರಲಿ, ಒಂದು ನಕಲು ಪೆಟ್ಟಿಗೆಯಲ್ಲಿ, ಮತ್ತೊಂದು ಊರಿನ ಅಂಗಡಿಯಲ್ಲಿ ಲೆಕ್ಕ ನೋಡುವವರ ಬಳಿ ಇರಲಿ. ಹಡಗು ಹತ್ತುವಾಗ ದೊಡ್ಡ ಪೆಟ್ಟಿಗೆಗಳನ್ನು ಬಂದರಿನ ಬಾಗಿಲಿನಲ್ಲಿಯೇ ಸಿಬ್ಬಂದಿ ತೆಗೆದುಕೊಂಡು, ಸಂಜೆ ಕೋಣೆಗೆ ತಲುಪಿಸುತ್ತಾರೆ. ಪ್ರಮಾಣಪತ್ರ ಅದರೊಳಗೆ ಸೇರಿಹೋದರೆ ತಪಾಸಣೆಯ ಮೇಜಿನ ಮುಂದೆ ತೋರಿಸಲು ಏನೂ ಉಳಿಯುವುದಿಲ್ಲ.